ಮನೆಗೆ ಬಂದ ಹಾವನ್ನು ದೂರದ ಕಾಡಿಗೆ ಒಯ್ದು ಬಿಡಬೇಕೇ?

ಪರ: ಹೌದು, ಎಷ್ಟು ದೂರವಾದರೆ ಅಷ್ಟು ಒಳ್ಳೆಯದು
(ತೀರ್ಥಹಳ್ಳಿ ತಾಲ್ಲೂಕಿನ ಅಡಕೆ ಬೆಳೆಗಾರ್ತಿ)

ಮೊದಲೇ ಹೇಳಿಬಿಡುತ್ತೇನೆ, ಹಾವು ಕೊಲ್ಲುವವರ ಪೈಕಿ ನಾನಲ್ಲ. ನಾಗರಪಂಚಮಿಗೆ ಕಲ್ಲಿಗೆ ಹಾಲೆರೆದು, ಅರಿಶಿನ ಎಲೆಯ ಕಡುಬು ಮಾಡಿ ಉಣ್ಣುವ ಮನೆ ನಮ್ಮದು. ನಾಗಬನದ ಒಣಗಿದ ಟೊಂಗೆಯನ್ನೂ ಒಲೆಗೆ ಹಾಕುವುದಿಲ್ಲ. ಆದರೆ ಬನದಲ್ಲಿರುವ ನಾಗ ಬೇರೆ, ಬಚ್ಚಲ ಹಂಡೆಯ ಹಿಂದೆ ಸುತ್ತಿಕೊಂಡ ನಾಗ ಬೇರೆ. ಅಲ್ಲಿದ್ದಾಗ ಕೈ ಮುಗಿಯಬಹುದು. ಇಲ್ಲಿದ್ದಾಗ ಅದರ ಪಕ್ಕ ಕೂತು ಮೀಯಲಿಕ್ಕಾಗುವುದಿಲ್ಲ.

ಹಾವು ಬಂತೇ, ಹಿಡಿಸಿ. ಹಿಡಿದದ್ದನ್ನು ಘಟ್ಟದ ಕಾಡಿನೊಳಕ್ಕೆ ಬಿಡಿಸಿ. ನನ್ನ ವಾದ ಇಷ್ಟೇ. "ಹಿಡಿದ ಜಾಗದ ಹತ್ತಿರವೇ ಬಿಡಬೇಕು" ಎಂದು ಈಗ ಎಲ್ಲ ಕಡೆ ಉಪದೇಶ ಕೇಳಿಬರುತ್ತಿದೆ. ಹತ್ತಿರ ಅಂದರೆ ಎಲ್ಲಿ? ನಮ್ಮ ತೋಟದ ಬಸಿಗಾಲುವೆಗೋ? ಆಚೆಮನೆಯವರ ಸೊಪ್ಪಿನಬೆಟ್ಟಕ್ಕೋ? ಬೆಟ್ಟಕ್ಕೆ ಬಿಟ್ಟರೆ ಅವರ ಅಂಗಳಕ್ಕೆ ಇಳಿಯುತ್ತದೆ, ಅವರು ಹಿಡಿಸಿ "ಹತ್ತಿರವೇ" ಬಿಡುತ್ತಾರೆ, ಅಂದರೆ ಮತ್ತೆ ನಮ್ಮ ತೋಟಕ್ಕೆ. ನೆರೆಮನೆಯ ಜತೆ ಬೇಲಿ ಜಗಳವೇ ಸಾಕಷ್ಟಿದೆ, ಇದೊಂದು ಬೇರೆ ಬೇಕೇ?

ಲೆಕ್ಕ ಕೇಳುವವರಿಗೆ ಲೆಕ್ಕವೂ ಇದೆ. 2000ದಿಂದ 2019ರವರೆಗೆ ಈ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ 58 ಸಾವಿರ ಜನ. ಬಹುಪಾಲು ಹಳ್ಳಿಯವರು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ನಾವು ಗದ್ದೆ ತೋಟದಲ್ಲಿ ಬಗ್ಗಿ ಕೆಲಸ ಮಾಡುವ ತಿಂಗಳುಗಳಲ್ಲಿ. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೇ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಅಧಿಸೂಚನೆ ಹೊರಡಿಸಿತು. ಡೆಂಗ್ಯೂ ಸೊಳ್ಳೆಯ ಬಗ್ಗೆ "ಅದರ ನೆಲೆಯಲ್ಲೇ ಇರಲಿ ಬಿಡಿ" ಎಂದು ಯಾರಾದರೂ ಭಾಷಣ ಮಾಡಿದ್ದುಂಟೇ?

ಬಿದ್ದ ಸೋಗೆ ಎತ್ತುವಾಗ ಕೊಳಕುಮಂಡಲ ಎಲ್ಲಿದೆ ಎಂದು ಕಾಣುವುದಿಲ್ಲ, ಒಣಗಿದ ಎಲೆಯ ಬಣ್ಣವೇ ಅದಕ್ಕೆ. ಕಟ್ಟುಹಾವು ಇನ್ನೂ ಕಷ್ಟ. ರಾತ್ರಿ ಚಾಪೆಯ ಮೇಲೆ ಮಲಗಿದವರಿಗೆ ಕಚ್ಚಿದರೆ ಉರಿಯಿಲ್ಲ, ಬಾವು ಇಲ್ಲ, ಬೆಳಗಿನ ಹೊತ್ತಿಗೆ ಕಣ್ಣಿನ ರೆಪ್ಪೆ ಎತ್ತಲಾಗುವುದಿಲ್ಲ. ಇನ್ನು ಕಾಳಿಂಗ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ, ಹಾವಿನ ವಿಷ ಇಳಿಸುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗನ ಹೆಸರು ಆ ಪಟ್ಟಿಯಲ್ಲೇ ಇಲ್ಲ. ಕಾಳಿಂಗ ಕಚ್ಚುವುದು ಅಪರೂಪ ಎನ್ನುತ್ತಾರೆ. ಆ ಅಪರೂಪ ನಮ್ಮ ಮನೆಯಲ್ಲೇ ಆಗಬಾರದು ಎಂದು ಬರೆದುಕೊಟ್ಟಿದ್ದಾರೆಯೇ?

ಹೋದ ಬೇಸಿಗೆಯ ಮಾತು. ಕೊಟ್ಟಿಗೆಯಲ್ಲಿ ದನ ಕಾಲು ಕುಟ್ಟುತ್ತಿದ್ದವು. ಅತ್ತೆ ನೋಡಿ ಬಂದು, "ಆ ಕರೀ ಪೈಪ್ ಕೊಟ್ಟಿಗೆ ಒಳಗೆ ಯಾರು ತಂದಿಟ್ಟದ್ದು ಮಾರಾಯ್ತಿ?" ಎಂದು ಕೇಳಿದರು. ಪೈಪ್ ಇಡುವಂಥವರು ಯಾರೂ ಮನೆಯಲ್ಲಿರಲಿಲ್ಲ. ಹೋಗಿ ನೋಡಿದರೆ ಹುಲ್ಲಿನ ಬುಟ್ಟಿಗಳ ಸಂದಿಯಲ್ಲಿ ಕಾಳಿಂಗ, ಬಾಯಲ್ಲಿ ಒಂದು ಕೇರೆ. ಕೇರೆಯ ತಲೆ ಆಗಲೇ ಒಳಗೆ ಹೋಗಿತ್ತು, ಬಾಲ ಮಾತ್ರ ಬುಟ್ಟಿಯ ಬಿದಿರಿಗೆ ಪಟ ಪಟ ಬಡಿಯುತ್ತಿತ್ತು. ಕಾಳಿಂಗನ ದವಡೆ ಒಂದು ಬದಿಗೊಮ್ಮೆ, ಇನ್ನೊಂದು ಬದಿಗೊಮ್ಮೆ ಮುಂದೆ ಸರಿಯುತ್ತಿತ್ತು. ಕತ್ತಿನ ಹತ್ತಿರ ಹಳದಿ ಬಣ್ಣದ ಪಟ್ಟೆ, ಅದು ಹಿಗ್ಗಿದಾಗ ಹುರುಪೆಗಳ ನಡುವಿನ ಚರ್ಮ ಕಾಣುತ್ತಿತ್ತು. ಎರಡು ಮಾರು ದೂರದಲ್ಲಿ ಕರು ಕಟ್ಟಿತ್ತು.

ಫೋನ್ ಮಾಡಿದೆವು. ಹಿಡಿಯುವವರು ಬರುವುದರೊಳಗೆ ಅರ್ಧ ಊರು ಬಂತು, ಅದರಲ್ಲಿ ಮುಕ್ಕಾಲು ಪಾಲು ಮೊಬೈಲ್ ಹಿಡಿದು. ಭಾವ ಬಂದದ್ದು ಕೋವಿ ಹಿಡಿದು.

"ಭಾವ, ಕೋವಿ ಒಳಗಿಡಿ. ಹಿಡಿಯೋರು ಹೊರಟಿದಾರೆ."

"ಹಿಡಿದು ಎಲ್ಲಿ ಬಿಡ್ತಾರೆ ಅಂತ ಕೇಳು. ಇಲ್ಲೇ ಎಲ್ಲೋ ಬಿಡೋದಾದ್ರೆ ಅವರು ಬರೋದೇ ಬೇಡ."

ಕೇಳಿದೆ. ಘಟ್ಟದ ಕಾಡಿಗೆ ಒಯ್ಯುತ್ತೇವೆ, ಈ ಕಡೆ ಮತ್ತೆ ಕಾಣಲಿಕ್ಕಿಲ್ಲ ಎಂದರು. ಭಾವ ಕೋವಿಯನ್ನು ಗೋಡೆಗೆ ಒರಗಿಸಿದರು. ಹಿಡಿಯುವ ಗಡಿಬಿಡಿಯಲ್ಲಿ ಹಾವು ಅರ್ಧ ನುಂಗಿದ ಕೇರೆಯನ್ನು ಕಕ್ಕಿತು, ಗಂಟಲಿನಾಳದಿಂದ ಗುರ್ರೆಂದಿತು, ಕೊನೆಗೆ ಹಿಡಿಯುವವರು ತಂದ ಪೈಪಿನ ಬಾಯಿಗೆ ಕಟ್ಟಿದ ಕರಿ ಚೀಲದೊಳಕ್ಕೆ ತಾನಾಗಿ ಹರಿದು ಹೋಯಿತು. ಸತ್ತ ಕೇರೆಯನ್ನು ತೆಗೆದು ಹಾಕುವ ಕೆಲಸ ನನಗೇ ಬಂತು, ಅದು ಬಿಡಿ.

ಆ ಹಾವು ಬದುಕಿದ್ದು ಯಾವುದರಿಂದ? 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆಯಲ್ಲಿ ಕಾಳಿಂಗ, ನಾಗರ, ಕೊಳಕುಮಂಡಲ, ಕೇರೆ ಎಲ್ಲವೂ ಮೊದಲನೇ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಸರಿ. ಆದರೆ ಕಾಯ್ದೆ ಕೊಟ್ಟಿಗೆಗೆ ಬರುವುದು ಹಾವು ಸತ್ತ ಮೇಲೆ. ಸಾಯುವ ಮುಂಚೆ ಬಂದದ್ದು "ದೂರ ಬಿಡುತ್ತೇವೆ" ಎಂಬ ಒಂದು ಮಾತು. ಆ ಮಾತನ್ನು ಕಿತ್ತುಕೊಳ್ಳಿ, ಹಳ್ಳಿಯವರು ಫೋನ್ ಮಾಡುವುದನ್ನೇ ನಿಲ್ಲಿಸುತ್ತಾರೆ. ದೊಣ್ಣೆ ಎಲ್ಲರ ಮನೆಯಲ್ಲೂ ಇದೆ, ಗುಂಡಿ ತೋಡಲಿಕ್ಕೆ ಹಿತ್ತಲೂ ಇದೆ. ಯಾವ ಅಂಕಿಅಂಶದಲ್ಲೂ ಅದು ಬರುವುದಿಲ್ಲ.

ಆಗುಂಬೆಯಲ್ಲಿ ಕಾಳಿಂಗಕ್ಕೆ ರೇಡಿಯೊ ಟ್ರಾನ್ಸ್‌ಮಿಟರ್ ಹಾಕಿ ನೋಡಿದ್ದಾರಂತೆ, ಬೇರೆ ಕಡೆ ಒಯ್ದು ಬಿಟ್ಟದ್ದು ನೆಲೆ ಸಿಗದೆ ಅಲೆಯಿತಂತೆ. ಅಲೆಯಲಿ. ನಮ್ಮ ಮಾವನ ಮನೆಯವರು ಲಿಂಗನಮಕ್ಕಿ ಅಣೆಕಟ್ಟೆಗೆ ಮುಳುಗಿದ ಊರಿಂದ ಪಾತ್ರೆ ಪಡಗ ಲಾರಿಗೆ ಹೇರಿಕೊಂಡು ಈ ತಾಲ್ಲೂಕಿಗೆ ಬಂದವರು. ಅವರು ಎಷ್ಟು ಅಲೆದರು ಎಂದು ಅಳೆಯಲಿಕ್ಕೆ ಯಾರೂ ರೇಡಿಯೊ ಕಟ್ಟಿರಲಿಲ್ಲ.


ವಿರೋಧ: ಬೇಡ, ಅಂಗಳದ ಆಚೆ ಸಾಕು
(ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ, ಶಿವಮೊಗ್ಗ)

ಪ್ರಾಣಿಶಾಸ್ತ್ರ ಕಲಿಸಿದವನು ಎಂಬ ಕಾರಣಕ್ಕೆ ವಿರೋಧದ ಪಾಳಿ ನನ್ನ ಪಾಲಿಗೆ ಬಂದಿದೆ. ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಕೂತು ಹಾವಿನ ಪರ ಮಾತಾಡುವುದು ಸಲೀಸು ಎಂದು ಮನೆಯವಳು ಆಗಲೇ ಹೇಳಿಯಾಗಿದೆ. ಆ ಆಕ್ಷೇಪಕ್ಕೆ ಉತ್ತರ ಈ ಬರಹದಲ್ಲಿ ಇಲ್ಲ.

ವಿಷಯಕ್ಕೆ ಬರೋಣ. ಹಾವಿಗೆ ತನ್ನದೇ ಓಡಾಟದ ವ್ಯಾಪ್ತಿ ಇರುತ್ತದೆ. ಯಾವ ಬಿಲದಲ್ಲಿ ತಂಪು, ಎಲ್ಲಿ ನೀರು, ಎಲ್ಲಿ ಬೇಟೆ ಎಂಬುದು ಅದಕ್ಕೆ ಗೊತ್ತಿರುತ್ತದೆ. ಒಯ್ದು ಬೇರೆ ಕಡೆ ಬಿಟ್ಟರೆ ಇದಾವುದೂ ಗೊತ್ತಿರುವುದಿಲ್ಲ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ 2008ರಿಂದ ಕಾಳಿಂಗಗಳಿಗೆ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದ್ದಾರೆ. ಸ್ಥಳಾಂತರಿಸಿದ ಗಂಡು ಹಾವು ಅಲ್ಲಿಯದೇ ಆದ ಹಾವಿಗಿಂತ ಬಹಳ ಹೆಚ್ಚು ದೂರ ಅಲೆಯಿತು. ಹಾವುಗಳ ಸಂಖ್ಯೆ ತೀರಾ ಕಡಿಮೆ, ಅದನ್ನೇ ಹಿಡಿದು ವಾದ ಗೆಲ್ಲಲಾಗದು, ನಿಜ. ಆದರೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಟಿಂಬರ್ ರ್ಯಾಟಲ್ ಹಾವುಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಯ್ದು ಬಿಟ್ಟವುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಸತ್ತವು, ಸ್ಥಳೀಯವಾದವುಗಳಲ್ಲಿ ಸತ್ತದ್ದು ಹತ್ತಕ್ಕೆ ಒಂದರಷ್ಟು. ಪತ್ರಿಕೆಯಲ್ಲಿ "ಕಾಳಿಂಗ ಸೆರೆ" ಎಂದು ಬಾಲ ಹಿಡಿದು ನಿಂತವರ ಫೋಟೊ ಬರುತ್ತದೆ. ಬಿಟ್ಟ ಹಾವಿನ ಮುಂದಿನ ವಾರದ ಫೋಟೊ ನಾನಂತೂ ನೋಡಿಲ್ಲ.

ಕಾಡು ಖಾಲಿ ಸೈಟಲ್ಲ. ಮಾರ್ಚ್‌ನಿಂದ ಮೇವರೆಗೆ ಕಾಳಿಂಗಗಳ ಕೂಡುವ ಕಾಲ. ಗಂಡುಗಳು ಹೆಣ್ಣಿನ ವಾಸನೆ ಹಿಡಿದು ಹೊರಡುತ್ತವೆ, ಒಂದಕ್ಕೊಂದು ಎದುರಾದರೆ ತಾಸುಗಟ್ಟಲೆ ಸೆಣಸುತ್ತವೆ. ಮನೆಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದೂ ಈ ತಿಂಗಳುಗಳಲ್ಲೇ. ಹೆಣ್ಣಿನ ಹಿಂದೆ ಹೊರಟ ಗಂಡನ್ನು ಹಿಡಿದು ಇನ್ನೊಂದು ಕಣಿವೆಗೆ ಸುರಿದು ಬರುತ್ತೇವೆ. ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಪ್ರಭೇದ ಎಂದು ವಿಜ್ಞಾನಿಗಳು ಗುರುತಿಸಿದ್ದು 2024ರಲ್ಲಿ. ಅಂದರೆ ಜಗತ್ತಿನಲ್ಲಿ ಇದು ಇರುವುದು ಈ ಘಟ್ಟದ ಸಾಲಿನಲ್ಲಿ ಮಾತ್ರ. ಕಳೆದುಕೊಂಡರೆ ತರಲಿಕ್ಕೆ ಬೇರೆ ಕಡೆ ದಾಸ್ತಾನಿಲ್ಲ.

ಮುಖ್ಯ ಕಾರಣ ಇಲಿ. ಭತ್ತದ ಕಣಜ, ಹಿಂಡಿ ಚೀಲ, ಕೋಳಿಗೂಡು ಇದ್ದಲ್ಲಿ ಇಲಿ, ಇಲಿಯ ಹಿಂದೆ ಕೇರೆ ಮತ್ತು ನಾಗರ, ಅವುಗಳ ಹಿಂದೆ ಕಾಳಿಂಗ. ಕಾಳಿಂಗನ ಊಟವೇ ಬೇರೆ ಹಾವು. ಒಂದನ್ನು ಒಯ್ದರೆ ಇಲಿ ಹೋಗುವುದಿಲ್ಲ. ಇಲಿ ಇರುವವರೆಗೆ ಇನ್ನೊಂದು ಬರುತ್ತದೆ. ಕಾಳಿಂಗನನ್ನು ಒಯ್ದರಂತೂ ಕೇರೆಗೂ ನಾಗರಕ್ಕೂ ಹಬ್ಬ. ಮತ್ತೂ ಹೇಳುತ್ತೇನೆ, ಇಲಿಯನ್ನು ಹತೋಟಿಯಲ್ಲಿಡಿ.

ಕಾಡಿಗೆ ಒಯ್ಯುವುದರಲ್ಲಿ ವಿವೇಚನೆಯಾದರೂ ಇದೆಯೇ? ಕಾಲೇಜಿನಲ್ಲಿದ್ದಾಗ ಪ್ರತಿ ಮಳೆಗಾಲವೂ ಹುಡುಗರು ಹಾರ್ಲಿಕ್ಸ್ ಬಾಟಲಿಯಲ್ಲಿ "ಸಾರ್, ಕಟ್ಟುಹಾವು" ಎಂದು ತರುತ್ತಿದ್ದರು. ತೆರೆದು ನೋಡಿದರೆ ಹೆಚ್ಚಾಗಿ ತೋಳ ಹಾವು, ವಿಷವೇ ಇಲ್ಲದ್ದು, ಹಲ್ಲಿ ತಿಂದು ಬದುಕುವಂಥದ್ದು. ತೋಳ ಹಾವಿನ ಬಿಳಿ ಪಟ್ಟೆ ಕತ್ತಿನ ಕಡೆ ದಟ್ಟ, ಬಾಲದ ಕಡೆಗೆ ಮಾಸುತ್ತದೆ. ಕಟ್ಟುಹಾವಿನದು ಇದರ ತಿರುಗುಮುರುಗು, ತಲೆಯ ಹತ್ತಿರ ಪಟ್ಟೆ ಇಲ್ಲದೆಯೂ ಇರಬಹುದು, ಹಿಂದಕ್ಕೆ ಹೋದಂತೆ ಜೋಡಿ ಜೋಡಿಯಾಗಿ ಎದ್ದು ಕಾಣುತ್ತದೆ. ಬೆನ್ನಿನ ನಡುಸಾಲಿನ ಹುರುಪೆಗಳು ಆರು ಮೂಲೆಯವು, ಉಳಿದವಕ್ಕಿಂತ ದೊಡ್ಡವು. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಮುಂದಿನ ವರ್ಷ ಮತ್ತೆ ಬಾಟಲಿ, ಮತ್ತೆ ತೋಳ ಹಾವು. ಒಬ್ಬ ಹುಡುಗನಂತೂ ಹಾವುರಾಣಿಯನ್ನು, ಅಂದರೆ ಹಲ್ಲಿಯ ಜಾತಿಯ ವಿಷವಿಲ್ಲದ ಪ್ರಾಣಿಯನ್ನು, ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದಿದ್ದ, ಸಾಲದ್ದಕ್ಕೆ ಅವನ ಅಜ್ಜಿಗೆ ಅದು ನೆಕ್ಕಿದರೂ ಸಾಯುತ್ತಾರೆ ಎಂಬ ಖಾತ್ರಿ. ಪರ ವಾದಿಸುವವರ ಕೈಗೆ ಬಿಟ್ಟರೆ ಹಸಿರು ಹಾವು, ಹಾವುರಾಣಿ, ಓತಿಕ್ಯಾತ ಎಲ್ಲಕ್ಕೂ ಆಗುಂಬೆ ಬಸ್ಸಿನ ಟಿಕೆಟ್ ತೆಗೆಸುತ್ತಾರೆ.

ಜನ ಹೆದರಿ ಹೊಡೆದುಬಿಡುತ್ತಾರಲ್ಲ ಎಂಬ ಪ್ರಶ್ನೆ ಇದೆ. ಅದು ಪೊಲೀಸು, ಅರಣ್ಯ ಇಲಾಖೆಯವರು ಉತ್ತರಿಸಬೇಕಾದದ್ದು.

ಮಲಗುವ ಕೋಣೆಗೆ ಬಂದ ಕಟ್ಟುಹಾವನ್ನು ಮುಟ್ಟಬೇಡಿ, ಅಲ್ಲೇ ಇರಲಿ ಎಂದು ನಾನೇನೂ ಹೇಳುತ್ತಿಲ್ಲ. ಹಿಡಿಸಿ. ಎಷ್ಟು ದೂರ ಎಂಬುದಷ್ಟೇ ನಮ್ಮೊಳಗಿನ ತಕರಾರು. ದಾರಿ ತೆರವು ಮಾಡಿಕೊಟ್ಟರೆ ಅಂಗಳದ ಹಾವು ಹೆಚ್ಚಿನಂಶ ತಾನಾಗಿ ಹೋಗುತ್ತದೆ. ಹೋಗದಿದ್ದರೆ ಹಿಡಿದು, ಅದೇ ಊರಿನ ಕಾಡಂಚಿಗೆ ಬಿಟ್ಟರಾಯಿತು. ಸೌದೆ ರಾಶಿಯನ್ನು ಗೋಡೆಯಿಂದ ದೂರ ಇಡಿ. ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ, ತೋಟಕ್ಕೆ ಗಂಬೂಟು ಹಾಕಿಕೊಳ್ಳಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗಿ. ಹತ್ತಿರವೇ ಬಿಟ್ಟರೆ ಹಿಡಿಯಲು ಬರುವವರ ಪೆಟ್ರೋಲ್ ಖರ್ಚೂ ಉಳಿಯುತ್ತದೆ. ಅದನ್ನು ಈಗ ಕೊಡುತ್ತಿರುವವರು ಯಾರು ಎಂಬುದೇ ಬೇರೆ ಚರ್ಚೆ.