ಆ ಸುರುಳಿಯ ಅಡಿಯಲ್ಲಿ ಊರುಂಟು ಮಾರಾಯ್ರೆ

ನಿನ್ನೆ ರಾತ್ರಿ ಟಿವಿಯಲ್ಲಿ ಆ ಕೆಂಪು ಸುರುಳಿ ಗಿರಗಿರ ತಿರುಗಿದ್ದನ್ನು ನೀವೂ ನೋಡಿರ್ತೀರಿ. ಯಕ್ಷಗಾನದಲ್ಲಿ ಬಣ್ಣದ ವೇಷದ ಪ್ರವೇಶಕ್ಕೂ ಅಷ್ಟು ಚೆಂಡೆ ಬಡಿಯುವುದಿಲ್ಲ, ಆ ನಮೂನೆಯ ಹಿನ್ನೆಲೆ ಸಂಗೀತ. ಕೋಟು ಹಾಕಿದ ನಿರೂಪಕ ಹೇಳ್ತಾನೆ, "ವಾಯುಭಾರ ಕುಸಿತ ಸದ್ಯಕ್ಕೆ ಸಮುದ್ರದ ಮಧ್ಯದಲ್ಲೇ ಇದೆ, ಯಾರಿಗೂ ಅಪಾಯ ಇಲ್ಲ. ನಮ್ಮ ಕರಾವಳಿಗೆ ಅಪ್ಪಳಿಸುತ್ತಾ, ಇಲ್ವಾ?" ಸುರುಳಿ ಕೂತಿದ್ದು ಎಲ್ಲಿ ಗೊತ್ತುಂಟಾ? ಸರೀ ಲಕ್ಷದ್ವೀಪದ ತಲೆ ಮೇಲೆ. ಗ್ರಾಫಿಕ್ಸ್‌ನ ಹುಡುಗರು ಎಷ್ಟು ದೊಡ್ಡ ಚಕ್ರ ಮಾಡಿದ್ದಾರೆ ಅಂದರೆ ಜನ ಇರುವ ಹತ್ತು ದ್ವೀಪಗಳೂ ಅದರಡಿ ಮುಚ್ಚಿಹೋಗಿದ್ದವು. 2011ರ ಜನಗಣತಿ ಪ್ರಕಾರ 64,473 ಜನ. ಯಾರಿಗೂ ಅಪಾಯ ಇಲ್ಲವಂತೆ!

ಬಂದರಿನಲ್ಲಿ ನನ್ನ ಅಂಗಡಿಗೆ ಬಂದು ಚಾ ಕುಡಿದವರಿಗೆ ನನಗೇಕೆ ಇಷ್ಟು ಉರಿ ಅಂತ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳ್ತೇನೆ. ಮಂಗಳೂರಿನ ಹಳೇ ಬಂದರಿನಿಂದ ಮಂಜಿ, ಅಂದರೆ ಸರಕು ಸಾಗಿಸುವ ಮರದ ಹಡಗು, ಹೊರಡುವುದು ದ್ವೀಪಕ್ಕೆ. ಅಕ್ಕಿ, ಈರುಳ್ಳಿ, ಬಟಾಟೆ, ಸಿಮೆಂಟು, ಜಲ್ಲಿ, ಇಟ್ಟಿಗೆ, ಕೆಲವೊಮ್ಮೆ ಆಡು, ದನ ಎಲ್ಲ ಹೋಗ್ತದೆ. ಮನೆ ಕಟ್ಟಲಿಕ್ಕೆ ಒಂದು ಹಿಡಿ ಜಲ್ಲಿಯೂ ಅಲ್ಲಿ ಹುಟ್ಟುವುದಿಲ್ಲ, ಇರುವುದು ಹವಳದ ಮರಳು, ತೆಂಗು, ಮೀನು. ಬರುವಾಗ ಕೊಬ್ಬರಿ, ಒಣಮೀನು. ಮೇ ಮಧ್ಯಕ್ಕೆ ಈ ಓಡಾಟ ನಿಂತರೆ ಮತ್ತೆ ಶುರುವಾಗುವುದು ಸೆಪ್ಟೆಂಬರ್ ಮಧ್ಯದಲ್ಲಿ. ಅಂದರೆ ಮಳೆಗಾಲಕ್ಕೆ ಬೇಕಾದ್ದನ್ನು ಆದಷ್ಟು ಕೂಡಿಟ್ಟುಕೊಳ್ಳಬೇಕಾದದ್ದು ಈ ಕೊನೆಯ ವಾರಗಳಲ್ಲೇ. ಮಂಜಿಯ ಹೊಟ್ಟೆ ತುಂಬಿ, ಮೇಲೆ ಟಾರ್ಪಾಲು ಬಿಗಿದು, ಇನ್ನೆರಡು ಗೋಣಿ ಹಿಡಿಯುತ್ತದಾ ಅಂತ ಜಗಳ ಆಗುವ ಹೊತ್ತು.

ಆ ಹೊತ್ತಿಗೇ ಸರಿಯಾಗಿ ಆಗ್ನೇಯ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ. ಲೋಡಿಂಗ್ ಬಂದ್. ಗಾಳಿಗೆ ಇನ್ನೂ ಹೆಸರು ಇಡಬೇಕಾದರೆ ಅದು ಗಂಟೆಗೆ 62 ಕಿ.ಮೀ. ದಾಟಬೇಕು. ಮಂಜಿಗೆ ಅಷ್ಟೆಲ್ಲ ಬೇಡ, ಅದರ ಅರ್ಧ ಸಾಕು ಪ್ರಯಾಣ ಕೆಡಲಿಕ್ಕೆ. ಟಿವಿಯವರಿಗೆ ಹೆಸರು ಬರುವವರೆಗೆ ತುಫಾನು ಹುಟ್ಟಿದ ಲೆಕ್ಕವೇ ಇಲ್ಲ. ಹೆಸರು ಇಟ್ಟದ್ದು ಯಾವ ದೇಶ, ಅದರ ಅರ್ಥ ಎಂತ ಅಂತ ಅರ್ಧ ಗಂಟೆ ಕಾರ್ಯಕ್ರಮ ಮಾಡ್ತಾರೆ. ಅದರಡಿ ಯಾರಿದ್ದಾರೆ ಅಂತ ಅರ್ಧ ನಿಮಿಷವೂ ಇಲ್ಲ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಹೇಳಿಬಿಡ್ತೇನೆ, ಆಮೇಲೆ ನೀವೇ ಕಂಡುಹಿಡಿದು ಕಾಮೆಂಟ್ ಹಾಕುವುದು ಬೇಡ. ಅಲ್ಲಿನ ಅಮಿನಿ ದ್ವೀಪದ ಒಬ್ಬ ಕಾಕನಿಂದ ನನಗೆ ದುಡ್ಡು ಬರಬೇಕುಂಟು. ಹಳೇ ಬಾಕಿ. ಅವರ ಮಾಡು ಹಾರಿದರೆ ನನ್ನ ಉದ್ರಿ ಪುಸ್ತಕದ ಆ ಪುಟವೂ ಹಾರಿತು. ಹಾಗಾಗಿ ಇದು ಶುದ್ಧ ಮಾನವೀಯತೆ ಅಂತ ಯಾರೂ ನನಗೆ ಹಾರ ಹಾಕಬೇಡಿ.

ನಿನ್ನೆ ಕಾಕನೇ ಫೋನ್ ಮಾಡಿದ್ದರು. "ಮೊದಲಾಳೀ, ನಿಮ್ಮಲ್ಲಿ ಮಳೆ ಉಂಟಾ?" ಅಂತ ನನ್ನನ್ನೇ ಕೇಳ್ತಾರೆ! ಅವರಲ್ಲಿ ಆಗಲೇ ದೋಣಿಗಳನ್ನು ಮೇಲೆಳೆದು ತೆಂಗಿನ ಬುಡಕ್ಕೆ ಕಟ್ಟಿ ಆಗಿತ್ತು. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಅವರು ಓದುವ ಕ್ರಮ ನೋಡಿ ಕಲಿಯಬೇಕು. ಗಾಳಿ 45ರಿಂದ 55, ಬೀಸಿ ಹೊಡೆದಾಗ 65 ಕಿ.ಮೀ. ಅಂತಿದ್ದರೆ ಹೊರಗಿನ ಕಡಲಿಗೆ ಇಳಿಯುವುದಿಲ್ಲ, ಹವಳದ ದಿಬ್ಬದ ಒಳಗಿನ ಲಗೂನಿಗೂ ಯೋಚಿಸಿ ಇಳಿಯುವುದು. ಕಡಲು "ಪ್ರಕ್ಷುಬ್ಧ" ಅಂತ ನಾವು ಓದಿ ಮುಂದೆ ಹೋಗುವ ಒಂದು ಶಬ್ದ ಅವರಿಗೆ ಎರಡೂವರೆಯಿಂದ ನಾಲ್ಕು ಮೀಟರ್ ಅಲೆ. "ಅತಿ ಪ್ರಕ್ಷುಬ್ಧ" ಅಂದರೆ ಆರು ಮೀಟರ್‌ವರೆಗೆ. ಕೆಲವೇ ಮೀಟರ್ ಎತ್ತರದ ನೆಲದಲ್ಲಿ ಬದುಕುವವನಿಗೆ ಈ ಲೆಕ್ಕ ಬಾಯಿಪಾಠ ಇರಲೇಬೇಕಲ್ಲ. ನಮಗೆ ಉಳ್ಳಾಲದಲ್ಲಿ ಕಡಲು ಮನೆಯೊಳಗೆ ಬಂದರೆ ತೊಕ್ಕೊಟ್ಟಿಗೆ, ದೇರಳಕಟ್ಟೆಗೆ, ನೆಂಟರ ಮನೆಗೆ ಹೋಗಬಹುದು. ಅಲ್ಲಿ ಗುಡ್ಡ ಇಲ್ಲ, ಘಾಟಿ ಇಲ್ಲ. ಶಾಲೆಯ ಕಾಂಕ್ರೀಟ್ ಕಟ್ಟಡಕ್ಕೆ ಹೋಗಿ ಕೂರಬೇಕು, ಅಷ್ಟೇ. ಎಲ್ಲ ದ್ವೀಪ ಒಟ್ಟು ಸೇರಿಸಿದರೂ 32 ಚದರ ಕಿಲೋಮೀಟರ್.

ಬಾವಿಯದ್ದು ಇನ್ನೊಂದು ಕತೆ. ಹವಳದ ಮರಳಿನಡಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುವ ಸಿಹಿನೀರೇ ಅವರ ಬಾವಿ. ಕಡಲು ಒಮ್ಮೆ ನೆಲದ ಮೇಲೆ ಹರಿದು ಹೋದರೆ ಗಾಳಿ ನಿಂತ ಮೇಲೂ ಆ ನೀರು ಬಾಯಿಗಿಡಲಿಕ್ಕೆ ಆಗುವುದಿಲ್ಲ. ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಉಂಟು, ಮಿನಿಕಾಯ್ ಮತ್ತು ಅಗತ್ತಿಗೆ ಆಮೇಲೆ ಬಂತು. ಆದರೆ ಅದಕ್ಕೆ ಕರೆಂಟ್ ಬೇಕು. ಕರೆಂಟಿಗೆ ಡೀಸೆಲ್ ಬೇಕು. ಡೀಸೆಲ್ ಎಲ್ಲಿಂದ ಬರಬೇಕು? ಕಡಲಿನ ಮೇಲೆಯೇ. ಯಾರಿಗೂ ಅಪಾಯ ಇಲ್ಲ!

ಈಗ ಬರ್ತಾರೆ ನೋಡಿ ನ್ಯಾಯ ಹೇಳುವವರು. "ಕನ್ನಡ ಚಾನೆಲ್ ಕನ್ನಡಿಗರಿಗೆ, ದ್ವೀಪದವರಿಗೆ ಮಲಯಾಳಂ ಚಾನೆಲ್ ಇದೆಯಲ್ಲ" ಅಂತ. ಬೆಳಿಗ್ಗೆಯೇ ಒಬ್ಬ ಮಿತ್ರ ಹೀಗೆ ಹೇಳಿ ಆಯಿತು. ಸರಿ ಸ್ವಾಮಿ. ಹಾಗಾದರೆ ಬಂಗಾಳ ಕೊಲ್ಲಿಯಲ್ಲಿ ಎದ್ದು ಒಡಿಶಾಕ್ಕೆ ಹೋಗುವ ತುಫಾನನ್ನು ಮೂರು ದಿನ ತೋರಿಸ್ತೀರಲ್ಲ, ಅಲ್ಲಿ ಯಾವ ಕನ್ನಡಿಗರಿದ್ದಾರೆ? ಇನ್ನು ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ 1956ರವರೆಗೆ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ನಮ್ಮ ಅಜ್ಜನ ಕಾಲದ ಕಲೆಕ್ಟರ್ ಅವರಿಗೂ ಕಲೆಕ್ಟರ್. ಆ ನವೆಂಬರ್ ಒಂದರಂದು ನಾವು ಕರ್ನಾಟಕ ಏಕೀಕರಣದ ಸಂಭ್ರಮದಲ್ಲಿ ಸಿಹಿ ಹಂಚಿದೆವು, ಅವರು ಕೇಂದ್ರಾಡಳಿತ ಪ್ರದೇಶಕ್ಕೆ ಹೋದರು, ನಾವು ಮರೆತೆವು.

ನಾವು ಮರೆತರೂ ಮಳೆ ಮರೆತಿಲ್ಲ. ಮುಂಗಾರು ಕೇರಳಕ್ಕೆ ಬಂತು ಅಂತ ಘೋಷಿಸಲಿಕ್ಕೆ ಹವಾಮಾನ ಇಲಾಖೆ 14 ಕೇಂದ್ರಗಳ ಮಳೆ ನೋಡುತ್ತದೆ. ಆ ಪಟ್ಟಿ ಶುರುವಾಗುವುದು ಮಿನಿಕಾಯ್, ಅಮಿನಿಯಿಂದ, ಮುಗಿಯುವುದು ಕೂಡ್ಲು, ಮಂಗಳೂರಿನಲ್ಲಿ. ಮೇ 10ರ ನಂತರ ಇವುಗಳಲ್ಲಿ ಶೇ. 60ರಷ್ಟು ಕಡೆ ಎರಡು ದಿನ ಒಂದೇ ಸಮ ಎರಡೂವರೆ ಮಿಲಿಮೀಟರ್ ಮಳೆಯಾದರೆ, ಗಾಳಿ ಮೋಡದ ಲೆಕ್ಕವೂ ಕೂಡಿದರೆ, ಮುಂಗಾರು ಬಂದ ಹಾಗೆ. ಆಕಾಶದ ಲೆಕ್ಕದಲ್ಲಿ ನಾವು ಅವರು ಒಂದೇ ಪಟ್ಟಿ. ಸ್ಟುಡಿಯೋದ ಲೆಕ್ಕದಲ್ಲಿ ಮಾತ್ರ ಅವರು ಇಲ್ಲವೇ ಇಲ್ಲ.

2021ರ ತೌಕ್ತೆ ಚಂಡಮಾರುತ ನೆನಪುಂಟಲ್ಲ? ಮೇ 14ರಂದು ಅದು ಲಕ್ಷದ್ವೀಪದ ಕಡಲಲ್ಲಿ ಬರೀ ವಾಯುಭಾರ ಕುಸಿತ, ಯಾರಿಗೂ ಅಪಾಯ ಇಲ್ಲದ್ದು. ಮರುದಿನ ನಮ್ಮ ಸೋಮೇಶ್ವರ, ಉಚ್ಚಿಲದಲ್ಲಿ ಕಡಲು ರಸ್ತೆ ತಿಂದಿತು. ಕಾಪು ಹತ್ತಿರ ಬಂಡೆಗಳ ನಡುವೆ ಸಿಕ್ಕಿಬಿದ್ದ ಟಗ್‌ನಿಂದ ಒಂಬತ್ತು ಮಂದಿಯನ್ನು ಪಾರುಮಾಡುವಾಗ 17ನೇ ತಾರೀಕು. ಅದೇ ರಾತ್ರಿ ಅದು ಗುಜರಾತಿಗೆ ಬಡಿಯಿತು. ದ್ವೀಪದಲ್ಲಿ ಬೀಸಿದ ಗಾಳಿಯನ್ನು ಮೊದಲೇ ತೋರಿಸಿದ್ದರೆ ಇಲ್ಲಿಯವರಿಗೂ ಒಂದು ದಿನ ಮೊದಲೇ ಹೊಟ್ಟೆಯಲ್ಲಿ ಪುಕುಪುಕು ಶುರುವಾಗುತ್ತಿತ್ತು.

ಇನ್ನೊಬ್ಬರ ವಾದ, "ಇಲಾಖೆ ಹೇಳಿದ್ದು ಆಗುವುದೇ ಇಲ್ಲ, ರೆಡ್ ಅಲರ್ಟ್ ಅಂದ ದಿನ ಬಿಸಿಲು." ಇದನ್ನು ಹೇಳುವವರು ಹೆಚ್ಚಾಗಿ ಶಾಲೆಗೆ ರಜೆ ಕೊಟ್ಟರಾ ಇಲ್ಲವಾ ಅಂತ ನೋಡಲಿಕ್ಕೆ ಮಾತ್ರ ಮುನ್ಸೂಚನೆ ಓದುವವರು. 2017ರ ಓಖಿ ಚಂಡಮಾರುತದಲ್ಲಿ ಎಚ್ಚರಿಕೆ ತಡವಾಯಿತು, ಒಪ್ಪುವ. ನವೆಂಬರ್ 29ರಂದು ವಾಯುಭಾರ ಕುಸಿತ, 30ಕ್ಕೆ ಚಂಡಮಾರುತ. ಆಗಲೇ ಕಡಲಿಗೆ ಹೋಗಿದ್ದ ಕೇರಳ, ತಮಿಳುನಾಡಿನ ಮೀನುಗಾರರಲ್ಲಿ ಸತ್ತವರು, ಕಾಣೆಯಾದವರು ಸೇರಿ ಮುನ್ನೂರು ಮೀರಿತು. ಆದರೆ ಡಿಸೆಂಬರ್ 2ಕ್ಕೆ ಅದು ದ್ವೀಪಗಳ ಮೇಲೆ ಹೋಗುವಾಗ ಅದರ ದಾರಿ ಎಲ್ಲರಿಗೂ ಗೊತ್ತಿತ್ತು. ಆವತ್ತೂ ಇಲ್ಲಿಯ ಚರ್ಚೆ ಒಂದೇ: ಮಂಗಳೂರಿಗೆ ಬರುತ್ತಾ, ಇಲ್ವಾ. ಬರಲಿಲ್ಲ, ಟಿವಿ ಆರಿಸಿದೆವು. ಮಿನಿಕಾಯ್, ಕಲ್ಪೇನಿಯಲ್ಲಿ ಬಿದ್ದ ತೆಂಗುಗಳ ಸುದ್ದಿ ನನಗೆ ಬಂದದ್ದು ಕೊಬ್ಬರಿ ಬಾರದಿದ್ದಾಗ.

"ಪಶ್ಚಿಮಕ್ಕೆ ಸರಿಯುತ್ತಿದೆ, ಆತಂಕ ಬೇಡ" ಅಂತ ಕೂಡ ನಿನ್ನೆ ಆ ಕೋಟಿನ ನಿರೂಪಕ ಹೇಳಿದ. ಅಪ್ಪಾ, ಉತ್ತರಕ್ಕೆ ಮುಖ ಮಾಡಿ ಹೋಗುವ ತುಫಾನಿನ ಬಲಗಡೆಯೇ ಗಾಳಿ ಜೋರು, ಸುತ್ತುವ ವೇಗಕ್ಕೆ ಅದು ಮುಂದೆ ಹೋಗುವ ವೇಗವೂ ಕೂಡುತ್ತದೆ. ಕೇಂದ್ರ ದ್ವೀಪದ ಪಶ್ಚಿಮಕ್ಕೆ ಸರಿದು ಉತ್ತರಕ್ಕೆ ಹೊರಟರೆ ದ್ವೀಪ ಸಿಕ್ಕಿಬೀಳುವುದು ಆ ಬಲಗಡೆಗೆ. ಇದನ್ನು ಹೇಳಲಿಕ್ಕೆ ವಿಜ್ಞಾನಿ ಬೇಡ, ನಮ್ಮ ದಕ್ಕೆಯ ಯಾವ ತಂಡೇಲನನ್ನು, ಅಂದರೆ ದೋಣಿ ನಡೆಸುವವನನ್ನು, ಕರೆದು ಕೂರಿಸಿದರೂ ಬೀಡಿ ಆರುವ ಮೊದಲು ಹೇಳಿ ಮುಗಿಸ್ತಾನೆ. ಅವನಿಗೆ ಕೋಟು ಇಲ್ಲ, ಅದೇ ತೊಂದರೆ.

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿಬಂದು ಮಾಲ್ದೀವ್ಸ್ ಜೊತೆ ಜಟಾಪಟಿ ಆದಾಗ ಇದೇ ಫೇಸ್‌ಬುಕ್ಕಿನಲ್ಲಿ ಎಲ್ಲರ ಗೋಡೆಯ ಮೇಲೂ ಲಕ್ಷದ್ವೀಪದ ನೀಲಿ ನೀರು. ನನ್ನ ಫ್ರೆಂಡ್ ಲಿಸ್ಟಿನಲ್ಲಿ ಎಷ್ಟು ದೇಶಭಕ್ತರು ಮಾಲ್ದೀವ್ಸ್ ಟಿಕೆಟ್ ರದ್ದು ಮಾಡಿದರೋ (ಅವರು ಬುಕ್ ಮಾಡಿದ್ದೇ ಇಲ್ಲ, ಅದು ಬೇರೆ). ಆ ನೀಲಿ ನೀರಿಗೆ ಈಗ ಕೆಸರಿನ ಬಣ್ಣ ಬರುವ ಹೊತ್ತಿಗೆ ಒಬ್ಬರೂ ಕಾಣುವುದಿಲ್ಲ. ತಪ್ಪು, ಒಬ್ಬರು ಕಂಡರು. ಇವತ್ತು ಇನ್‌ಬಾಕ್ಸ್‌ಗೆ ಬಂದು, "ನಿಮಗೆ ಅಲ್ಲಿ ಪರಿಚಯ ಇದೆಯಲ್ಲ, ನಮ್ಮ ಮುಂದಿನ ವಾರದ ಪ್ಯಾಕೇಜ್ ಕ್ಯಾನ್ಸಲ್ ಆಗುತ್ತಾ, ದುಡ್ಡು ವಾಪಸ್ ಬರುತ್ತಾ?" ಅಂತ ಕೇಳಿದ್ದಾರೆ. ನನ್ನ ದುಡ್ಡೇ ಅಲ್ಲಿಂದ ವಾಪಸ್ ಬಂದಿಲ್ಲ ಸ್ವಾಮಿ.

ಕಾಕನ ಫೋನು ಈಗ ಹೋಗ್ತಾ ಇಲ್ಲ. ಟವರ್ ಕೈಕೊಟ್ಟಿರಬೇಕು. ಅವರಿಗೆ ಅಂತ ಎತ್ತಿಟ್ಟ ಈರುಳ್ಳಿ, ಬಟಾಟೆ ನನ್ನ ಗೋದಾಮಿನಲ್ಲಿ ಉಂಟು. ಬಟಾಟೆ ತಡೆದೀತು, ಈರುಳ್ಳಿ ಈ ತೇವಕ್ಕೆ ಮೊಳಕೆ ಬರ್ತದೆ. ಹೋಟೆಲಿನವರು ಯಾರಾದರೂ ಇದ್ದರೆ ನಾಳೆ ಬೆಳಿಗ್ಗೆ ಬನ್ನಿ, ಖರೀದಿ ದರಕ್ಕೇ ಕೊಡ್ತೇನೆ. ಉದ್ರಿ ಇಲ್ಲ.