ಒಂದು ಗಂಟೆ ಕೆಲಸ

ನನ್ನ ಬೈಕಿನ ಹಿಂಭಾಗ ಸುಮಾರು ಒಂದು ವರ್ಷದಿಂದ ಮಾತಾಡುತ್ತಿತ್ತು. ಗುಂಡಿಗೆ ಇಳಿದರೆ "ಕಿರ್ರ್", ಹಂಪ್ ಹತ್ತಿದರೆ "ಟಕ್". ಹಿಂದೆ ಕೂತ ಹೆಂಡತಿ "ಅದೇನು ಸದ್ದು?" ಅಂತ ಕೇಳಿದಾಗಲೆಲ್ಲ ನಾನು "ರಸ್ತೆ ಸರಿ ಇಲ್ಲ" ಅನ್ನುತ್ತಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು, ರಿಪೇರಿ ಮಾಡಿಸದವನಿಗೆ ರಸ್ತೆ ಡೊಂಕು.

ಒಂದು ದಿನ ಹಂಪ್ ದಾಟಿದ ಮೇಲೂ ಬೈಕು ಸುಮ್ಮನಾಗಲಿಲ್ಲ. ನಾಲ್ಕು ಸಲ ತೂಗಾಡಿತು. ಬಗ್ಗಿ ನೋಡಿದರೆ ಹಿಂದಿನ ಶಾಕ್ ಅಬ್ಸಾರ್ಬರಿನ ರಾಡಿನ ತುಂಬ ಎಣ್ಣೆ. ಎಣ್ಣೆ ಹೊರಗೆ ಬಾರದ ಹಾಗೆ ತಡೆಯುವ ಸೀಲ್ ಹೋಗಿತ್ತು. ಶಾಕ್‌ನಲ್ಲಿ ಸ್ಪ್ರಿಂಗಿನ ಕೆಲಸ ಗಾಡಿಯನ್ನು ಎತ್ತಿ ಹಿಡಿಯುವುದು ಅಷ್ಟೇ. ಅದು ಕುಣಿಯದ ಹಾಗೆ ತಡೆಯುವುದು ಒಳಗಿನ ಎಣ್ಣೆ. ಸಣ್ಣ ಸಣ್ಣ ತೂತುಗಳಲ್ಲಿ ನುಸುಳುವಾಗ ಆ ಎಣ್ಣೆ ಮುನಿಸಿಕೊಂಡು ನಿಧಾನ ಮಾಡುತ್ತದೆ. ಅದಕ್ಕೇ ಡ್ಯಾಂಪಿಂಗ್ ಅನ್ನುತ್ತಾರೆ. ಎಣ್ಣೆ ಹೊರಗೆ ಬಂದ ಮೇಲೆ ನಾನು ಓಡಿಸುತ್ತಿದ್ದದ್ದು ಎರಡು ಚಕ್ರದ ಹಾಸಿಗೆಯನ್ನು.

ಬೇರೆ ಮಾಡೆಲಿನ ಒಂದು ಶಾಕ್ ಹೊಂದಿಸಿಕೊಂಡೆ. ಬಳಸಿದ್ದೇ, ಆದರೆ ಗಟ್ಟಿಮುಟ್ಟು. ಎರಡು ತುದಿಯ ಬೋಲ್ಟ್ ತೂತುಗಳ ನಡುವೆ ಅಳೆದರೆ ನನ್ನ ಹಳೆಯದಕ್ಕಿಂತ 6 ಮಿ.ಮೀ. ಉದ್ದ. "ಆರು ಮಿಲಿಮೀಟರ್ ತಾನೇ" ಅಂದುಕೊಂಡೆ. ಅದರ ಜೊತೆ ಅದರದ್ದೇ ಲಿಂಕೇಜ್ ಕೂಡ ಬಂತು. ಹಾಕುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಹೆಂಡತಿ ಕೇಳಿದಳು. "ಒಂದು ಗಂಟೆ ಕೆಲಸ" ಅಂದೆ. ಆ ದಿನ ಬೆಳಿಗ್ಗೆ ಒಂಬತ್ತು ಗಂಟೆಯಾಗಿತ್ತು.

ಲಿಂಕೇಜ್ ಅಂದರೆ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೂ ಶಾಕ್‌ಗೂ ನಡುವೆ ಮಧ್ಯಸ್ಥಿಕೆ ಮಾಡುವ ಕಬ್ಬಿಣದ ತುಂಡುಗಳು. ತ್ರಿಕೋನದಂಥ ಒಂದು ರಾಕರ್, ನಾಯಿ ಕಚ್ಚುವ ಮೂಳೆಯ ಆಕಾರದ ಎರಡು ಪಟ್ಟಿ. 1980ರ ಆಸುಪಾಸಿನಲ್ಲಿ ಕವಾಸಾಕಿಯವರು ಯೂನಿ-ಟ್ರ್ಯಾಕ್ ಅಂದರು, ಹೊಂಡಾದವರು ಪ್ರೊ-ಲಿಂಕ್ ಅಂದರು, ಸುಜುಕಿಯವರು ಫುಲ್ ಫ್ಲೋಟರ್ ಅಂದರು. ಹೆಸರು ಬೇರೆ, ಉಪಾಯ ಹೆಚ್ಚುಕಮ್ಮಿ ಒಂದೇ. ಚಕ್ರ ಸ್ವಲ್ಪ ಮೇಲೆದ್ದರೆ ಶಾಕ್ ಮೆತ್ತಗೆ, ಜಾಸ್ತಿ ಎದ್ದರೆ ಬರಬರುತ್ತಾ ಗಟ್ಟಿ. ಸಣ್ಣ ತಪ್ಪಿಗೆ ನಕ್ಕು, ದೊಡ್ಡ ತಪ್ಪಿಗೆ ಕೋಲು ಹಿಡಿಯುವ ಮೇಷ್ಟ್ರ ಹಾಗೆ.

ಮೊದಲ ಎಡವಟ್ಟು ಆದದ್ದು ಗಾಡಿ ಎತ್ತುವುದರಲ್ಲಿ. ಹಿಂದಿನ ಚಕ್ರ ಎತ್ತಲು ನನ್ನ ಹತ್ತಿರ ಪ್ಯಾಡಕ್ ಸ್ಟ್ಯಾಂಡ್ ಇದೆ. ಅದನ್ನೇ ಕೊಟ್ಟೆ. ಆ ಸ್ಟ್ಯಾಂಡ್ ಹಿಡಿಯುವುದು ಸ್ವಿಂಗ್ ಆರ್ಮನ್ನು. ಸ್ವಿಂಗ್ ಆರ್ಮಿನ ಮೇಲೆ ಗಾಡಿಯನ್ನು ಎತ್ತಿ ನಿಲ್ಲಿಸಿರುವುದು ಶಾಕ್. ಆ ಶಾಕನ್ನೇ ಬಿಚ್ಚಿದರೆ? ಈ ಪ್ರಶ್ನೆ ನನಗೆ ಹೊಳೆದದ್ದು ಬೋಲ್ಟಿಗೆ ಸುತ್ತಿಗೆಯ ಕೊನೆಯ ಪೆಟ್ಟು ಬಿದ್ದ ಮೇಲೆ. ಬೋಲ್ಟ್ ಆಚೆ ಹಾರಿತು. ಬೈಕು ಮಂಡಿನೋವಿನ ಅಜ್ಜ ಕೂರುವ ಹಾಗೆ "ಉಸ್ಸ್" ಅಂತ ಕೆಳಗೆ ಕೂತಿತು. ನನ್ನ ಕೈ ಒಳಗಿರಲಿಲ್ಲ, ಪುಣ್ಯ.

ಆಮೇಲೆ ಏಣಿ ತಂದು ಬೈಕಿನ ಮೇಲೆ ಕವಲು ಮಾಡಿ ನಿಲ್ಲಿಸಿ, ಗಟ್ಟಿ ಬೆಲ್ಟ್ ಹಾಕಿ ಹಿಂದಿನ ಫ್ರೇಮನ್ನು ನೇತು ಹಾಕಿದೆ. ಮಗಳು ಬಂದು "ಅಪ್ಪಾ, ಜೋಕಾಲಿ ತರ ಇದೆ" ಅಂದಳು. ಹತ್ತೂವರೆ.

ಅವಳಿಗೆ ಒಂದು ಜವಾಬ್ದಾರಿ ಕೊಟ್ಟಿದ್ದೆ. "ನಾನು ಒಂದೊಂದೇ ಬಿಚ್ಚುತ್ತೀನಿ. ಬಿಚ್ಚುವ ಮೊದಲು ಫೋಟೋ ತೆಗೀತಾ ಇರು." ತೆಗೆಯುತ್ತಲೇ ಇದ್ದಳು, ಪಾಪ.

ಲಿಂಕೇಜಿನ ಕೆಳಗಿನ ಬೋಲ್ಟ್ ಅರ್ಧ ಬಂದು ಸೈಲೆನ್ಸರಿಗೆ ಮುಟ್ಟಿ ನಿಂತಿತು. ಸೈಲೆನ್ಸರ್ ಬಿಚ್ಚಿದೆ. ಅದಕ್ಕೆ ಫುಟ್‌ರೆಸ್ಟ್ ಅಡ್ಡ. ಅದನ್ನೂ ಬಿಚ್ಚಿದೆ. ಆ ಕಥೆ ಇಷ್ಟಕ್ಕೇ ಸಾಕು.

ಹಳೆಯ ಲಿಂಕೇಜ್ ಕೈಗೆ ಬಂದಾಗ "ಕಿರ್ರ್" ಯಾರದ್ದು ಅಂತ ಗೊತ್ತಾಯಿತು. ಒಳಗಿನ ಬೇರಿಂಗುಗಳಲ್ಲಿ ಗ್ರೀಸ್ ಇದ್ದ ಕುರುಹೇ ಇಲ್ಲ. ಒರೆಸಿದರೆ ಬಟ್ಟೆಗೆ ಕೆಂಪು ಪುಡಿ. ಹಿಂದಿನ ಚಕ್ರ ಎಸೆಯುವ ನೀರು, ಕೆಸರು ಎಲ್ಲ ಬಂದು ಬೀಳುವುದು ಅಲ್ಲಿಗೇ. ಚೈನಿಗೆ ವಾರ ವಾರ ಎಣ್ಣೆ ಬಿಡುವ ನಾನು ಇಲ್ಲಿ ಹೀಗೊಂದು ಜೀವ ಇದೆ ಅಂತ ತಿರುಗಿಯೂ ನೋಡಿರಲಿಲ್ಲ.

ಹೊಸದಾಗಿ ಬಂದ ಲಿಂಕೇಜಿಗಾದರೂ ಚೆನ್ನಾಗಿ ಗ್ರೀಸ್ ಹಾಕೋಣ ಅಂತ ಅದರ ಬೇರಿಂಗಿನ ಒಳಗೆ ಕೂರುವ ಕೊಳವೆಯಂಥ ಕಾಲರನ್ನು ಹೊರಗೆ ತಳ್ಳಿದೆ. ಕಾಲರ್ ಬಂತು. ಅದರ ಹಿಂದೆಯೇ ಸೂಜಿಯಂಥ ರೋಲರುಗಳು ಸುರಿದವು. ಕೆಲವು ನೀಡಲ್ ಬೇರಿಂಗುಗಳಲ್ಲಿ ರೋಲರುಗಳನ್ನು ಹಿಡಿದಿಡುವ ಪಂಜರ ಇರುವುದಿಲ್ಲ. ಒಂದಕ್ಕೊಂದು ಒತ್ತಿಕೊಂಡು, ಕಾಲರಿನ ಆಸರೆಯಲ್ಲಿ ನಿಂತಿರುತ್ತವೆ. ಆಸರೆ ತೆಗೆದರೆ ಶಾಲೆ ಬಿಟ್ಟ ಮಕ್ಕಳೇ. ನೆಲದ ಮೇಲೆ ಕಿಣಿಕಿಣಿ ಅಂತ ಎಲ್ಲ ದಿಕ್ಕಿಗೂ ಓಡಿದವು.

ಮಂಡಿಯೂರಿ ಆರಿಸಿದೆ. 26 ಸಿಕ್ಕವು. ಇನ್ನೊಂದು ಬದಿಯ ಅಂಥದ್ದೇ ಬೇರಿಂಗ್ ಎಣಿಸಿದರೆ 27.

"ಒಂದು ತಾನೇ, ಬಿಡಿ" ಅಂದಳು ಹೆಂಡತಿ. ಆರು ಮಿಲಿಮೀಟರಿಗೆ ನಾನೂ ಹೀಗೇ ಅಂದಿದ್ದೆ. ಆದರೆ ಬೇರಿಂಗಿನಲ್ಲಿ ಒಂದು ಜಾಗ ಖಾಲಿ ಬಿಟ್ಟರೆ ಉಳಿದವು ಓರೆಯಾಗಿ ಮಲಗುತ್ತವೆ, ಆಮೇಲೆ ಕಾಲರನ್ನೇ ಕೆರೆದು ತಿನ್ನುತ್ತವೆ. ಟಾರ್ಚ್ ತಂದೆ. ಆಯಸ್ಕಾಂತ ತಂದೆ. ಕಸಬರಿಕೆ ತಂದೆ. ಮುಕ್ಕಾಲು ಗಂಟೆ ಒಳಗೂ ಹೊರಗೂ ಓಡಾಡಿದೆ. ಕೊನೆಗೆ ನೀರು ಕುಡಿಯಲು ಒಳಗೆ ಹೋದಾಗ ನೆಲದ ಮೇಲೆ "ಕ್ರೀಚ್" ಅಂತ ಗೀಚಿದ ಸದ್ದು. ರೋಲರ್ ನನ್ನದೇ ಚಪ್ಪಲಿಯ ಅಡಿಯಲ್ಲಿ ಗ್ರೀಸಿಗೆ ಅಂಟಿಕೊಂಡು ಕೂತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ.

ತೊಳೆದು, ಒರೆಸಿ, ದಪ್ಪ ಗ್ರೀಸಿನ ಗೋಡೆ ಮಾಡಿ, ಒಂದೊಂದನ್ನೇ ಬೆರಳ ತುದಿಯಲ್ಲಿ ನಿಲ್ಲಿಸಿದೆ. 25ನೆಯದರವರೆಗೆ ಆರಾಮ. 26ನೆಯದಕ್ಕೆ ಜಾಗ ಬಿಗಿ. 27ನೆಯದು ಒಳಗೆ ಹೋಗುವಾಗ ಉಸಿರು ಬಿಡಲಿಲ್ಲ ನಾನು. ಕಾಲರ್ ನಿಧಾನ ತಳ್ಳಿ, ಬೆರಳಿಂದ ತಿರುಗಿಸಿದೆ. ಬೆಣ್ಣೆ ಹಾಗೆ ತಿರುಗಿತು. ಇಡೀ ದಿನದಲ್ಲಿ ನನ್ನ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಒಂದೇ ಕ್ಷಣದಲ್ಲಿ.

ಅದೂ ಜಾಸ್ತಿ ಹೊತ್ತು ಇರಲಿಲ್ಲ. ಎಲ್ಲ ಜೋಡಿಸಿದ ಮೇಲೆ ನೋಡಿದರೆ ಶಾಕಿನ ತೂತಿಗೂ ರಾಕರಿನ ತೂತಿಗೂ ನಾಲ್ಕು ಬೆರಳು ದೂರ. ರಾಕರ್ ಹಿಂದುಮುಂದಾಗಿದೆಯಾ? ಮಗಳ ಫೋನ್ ತೆಗೆದುಕೊಂಡೆ. ಒಟ್ಟು 41 ಫೋಟೋ. ಎಲ್ಲದರಲ್ಲೂ ನಾನೇ. ಬೋಲ್ಟ್ ಎಳೆಯುವಾಗಿನ ನನ್ನ ಮುಖ, ಮಂಡಿಯೂರಿದ ನನ್ನ ಬೆನ್ನು, ಹಲ್ಲು ಕಚ್ಚಿದ ನಾನು. "ನೀನೇ ಹೇಳಿದ್ದು, ಬಿಚ್ಚುವಾಗ ತೆಗಿ ಅಂತ" ಅಂದಳು. ಅದೃಷ್ಟಕ್ಕೆ 33ನೆಯ ಫೋಟೋದಲ್ಲಿ, ಗ್ರೀಸ್ ಮೆತ್ತಿದ ನನ್ನ ಕಿವಿಯ ಹಿಂದೆ, ಹಳೆಯ ರಾಕರಿನ ಮೂಗು ಮುಂದಿನ ಚಕ್ರದ ಕಡೆ ನೋಡುತ್ತಿರುವುದು ಕಂಡಿತು. ನಾನು ಹಾಕಿದ್ದು ಹಿಂದಕ್ಕೆ. ಮತ್ತೆ ಬಿಚ್ಚಿದೆ.

ತಿರುಗಿಸಿ ಹಾಕಿದ ಮೇಲೂ ತೂತಿಗೆ ತೂತು ಕೂರಲು ಕೂದಲೆಳೆಯಷ್ಟು ಬಾಕಿ. ಟಯರಿನ ಕೆಳಗೆ ಒಂದು ಹಲಗೆ ತುರುಕಿ, ಅದರಡಿ ಇಟ್ಟಿಗೆ ಇಟ್ಟು, ಆಚೆ ತುದಿಯ ಮೇಲೆ ಮಗಳನ್ನು ನಿಲ್ಲಿಸಿದೆ. "ಸ್ವಲ್ಪ ಒತ್ತು. ಇನ್ನೂ ಸ್ವಲ್ಪ. ಅಯ್ಯೋ ಜಾಸ್ತಿ ಆಯ್ತು. ಬಿಡು, ಬಿಡು. ಹಾಂ!" ಅಷ್ಟು ಹೊತ್ತು ಸುತ್ತಿಗೆಗೂ ಬಗ್ಗದ ಬೋಲ್ಟ್ ಎರಡು ಬೆರಳಿಗೆ ಸುಳಕ್ ಅಂತ ಒಳಗೆ ಹೋಯಿತು. ತೂಕ ಬೀಳದಿದ್ದರೆ ಬೋಲ್ಟಿಗೆ ಬಲವೇ ಬೇಡ.

ಮ್ಯಾನ್ಯುಯಲ್ ಹೇಳಿದಷ್ಟಕ್ಕೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದೆ. ಉಳಿದದ್ದು ಸ್ಯಾಗ್, ಅಂದರೆ ಭಾರಕ್ಕೆ ಹಿಂಭಾಗ ಎಷ್ಟು ಕುಸಿಯುತ್ತದೆ ಅಂತ ಅಳೆಯುವುದು. ಚಕ್ರ ನೇತಾಡುವಾಗ ಅಚ್ಚಿನಿಂದ ಬಾಲದವರೆಗೆ ಒಂದು ಅಳತೆ, ನಾನು ಕೂತಾಗ ಇನ್ನೊಂದು. ರಸ್ತೆಯ ಬೈಕಿಗೆ ಎರಡರ ವ್ಯತ್ಯಾಸ ಸುಮಾರು 30ರಿಂದ 40 ಮಿ.ಮೀ. ಇದ್ದರೆ ಒಳ್ಳೆಯದು. ನನ್ನದು 19 ಬಂತು. ನನಗೆ ಖುಷಿಯಾಯಿತು, ತೂಕ ಇಳಿದಿದೆ ಅಂತ. ಹೆಂಡತಿ ಟೇಪ್ ಹಿಡಿದುಕೊಂಡೇ "ಹೊಟ್ಟೆ ಒಳಗೆ ಎಳ್ಕೊಂಡ್ರೆ ತೂಕ ಕಮ್ಮಿ ಆಗಲ್ಲ" ಅಂದಳು. ವಿಷಯ ಅದಲ್ಲ. ಶಾಕಿನ ಹಿಂದಿನ ಮಾಲೀಕ ಸ್ಪ್ರಿಂಗಿನ ಪ್ರಿಲೋಡನ್ನು, ಅಂದರೆ ಅದನ್ನು ಮೊದಲೇ ಒತ್ತಿಡುವ ಬಿಗಿಯನ್ನು, ಪೂರ್ತಿ ಏರಿಸಿಬಿಟ್ಟಿದ್ದ. ಕೊಕ್ಕೆ ಪಾನ ಹಾಕಿ ಸಡಿಲಿಸಿದೆ. ಪಾನ ಎರಡು ಸಲ ಜಾರಿತು, ಗೆಣ್ಣು ಎರಡು ಸಲ ಕಿತ್ತಿತು. ಕೊನೆಗೆ 34.

ಬೆಲ್ಟ್ ಬಿಚ್ಚಿ, ಸೈಡ್ ಸ್ಟ್ಯಾಂಡ್ ಹಾಕಿ ಕೈ ಬಿಟ್ಟೆ. ಬೈಕು ವಾಲಿತು. ಇನ್ನೂ ವಾಲಿತು. ಹಾರಿ ಹಿಡಿದುಕೊಂಡೆ. ಆರು ಮಿಲಿಮೀಟರ್ ತನ್ನ ಲೆಕ್ಕ ಕೇಳಲು ಬಂದಿತ್ತು. ಲಿಂಕೇಜಿನ ಲೆಕ್ಕದಲ್ಲಿ ಶಾಕಿನ ಒಂದು ಮಿಲಿಮೀಟರ್ ಚಕ್ರದ ಹತ್ತಿರ ಎರಡೋ ಮೂರೋ ಆಗುತ್ತದೆ. ಹಿಂಭಾಗ ಒಂದೂವರೆ ಸೆಂಟಿಮೀಟರ್ ಎತ್ತರವಾಗಿ, ಸ್ಟ್ಯಾಂಡ್ ಗಿಡ್ಡವಾಗಿತ್ತು. ಅದರಡಿಗೆ ಆ ಹಲಗೆಯದೇ ಒಂದು ತುಂಡು ಕೊಯ್ದು ಇಟ್ಟೆ. ಆ ತುಂಡು ಈಗ ಸದಾ ನನ್ನ ಬ್ಯಾಗಿನಲ್ಲಿ ಇರುತ್ತದೆ. ಗಾಡಿ ನಿಲ್ಲಿಸಿ, ಬ್ಯಾಗಿನಿಂದ ಹಲಗೆ ತೆಗೆದು, ಗಂಭೀರವಾಗಿ ನೆಲದ ಮೇಲಿಡುವ ನನ್ನನ್ನು ಜನ ಒಂಥರಾ ನೋಡುತ್ತಾರೆ.

ಅವತ್ತು ಎಲ್ಲ ಮುಗಿದಾಗ ಸಂಜೆ ಆರೂವರೆ. ಕೈ ತೊಳೆದು ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಗುಂಡಿಗಳನ್ನು ಹುಡುಕಿ ಹುಡುಕಿ ಇಳಿಸಿದೆ. ಕಿರ್ರ್ ಇಲ್ಲ. ಹಂಪ್ ಹತ್ತಿಸಿದೆ. ಟಕ್ ಇಲ್ಲ, ತೂಗಾಟವೂ ಇಲ್ಲ. ಒಂದು ಸಲ ಎದ್ದು, ಇಳಿದು, ಸುಮ್ಮನಾಯಿತು. ಅವಳು ಏನಾದರೂ ಹೇಳುತ್ತಾಳೇನೋ ಅಂತ ಕಾದೆ. ಎರಡು ಹಂಪ್ ದಾಟಿದ ಮೇಲೆ ಹೆಗಲು ತಟ್ಟಿದಳು.

"ರಸ್ತೆ ಸರಿ ಮಾಡಿದ್ದಾರೆ, ಅಲ್ವಾ?"

"ಹೂಂ" ಅಂದೆ. "ಇವತ್ತೇ ಮಾಡಿದ್ದು."