ಬೆರಳಿಗೆ ರೇಟ್ ಫಿಕ್ಸ್ ಆಗಿದೆ, ಗ್ಲೌಸಿಗೆ ಬಜೆಟ್ ಇಲ್ಲ

ತೋರುಬೆರಳು ಬುಡದಿಂದ ಹೋದರೆ ನೂರಕ್ಕೆ 14. ಎರಡು ಗೆಣ್ಣು ಹೋದರೆ 11. ಒಂದೇ ಗೆಣ್ಣಾದರೆ 9. ಮೂಳೆ ಉಳಿದು ತುದಿ ಮಾತ್ರ ಹಾರಿದರೆ 5. ನಡುಬೆರಳು ಸ್ವಲ್ಪ ಅಗ್ಗ, ಪೂರ್ತಿ ಹೋದರೂ 12. ಉಂಗುರದ ಬೆರಳಿಗೂ ಕಿರುಬೆರಳಿಗೂ ತಲಾ 7. ಉಂಗುರ ಸಮೇತ ಹೋಯಿತಾ ಅಂತ ಯಾರೂ ಕೇಳುವುದಿಲ್ಲ. ಹೆಬ್ಬೆರಳು ಮಾತ್ರ ದುಬಾರಿ, 30. ಏಕಲವ್ಯನ ಕಾಲದಿಂದಲೂ ಅದಕ್ಕೆ ಡಿಮ್ಯಾಂಡ್ ಇದ್ದೇ ಇದೆ.

ಇದು ನನ್ನ ಕುಚೋದ್ಯ ಅಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಅಚ್ಚಾಗಿರುವ ಪಟ್ಟಿ. ಬೆರಳು ಹೋದವನ ದುಡಿಯುವ ಶಕ್ತಿ ಎಷ್ಟು ಕಡಿಮೆಯಾಯಿತು ಎಂದು ಲೆಕ್ಕ ಹಾಕುವುದು ಇದರಿಂದಲೇ. 2020ರ ಸಾಮಾಜಿಕ ಭದ್ರತಾ ಸಂಹಿತೆ ಹಳೇ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಾಗ ಬೆರಳಿನ ಪಟ್ಟಿಯನ್ನೂ ಜೋಪಾನವಾಗಿ ತಂದಿಟ್ಟುಕೊಂಡಿತು. ಕಾರ್ಮಿಕರ ವಿಮೆ, ಅಂದರೆ ಇಎಸ್‌ಐ ಇದ್ದವರಿಗೂ ಇಂಥದ್ದೇ ಪಟ್ಟಿ ಉಂಟು. ಅಲ್ಲಿ ಒಂದೇ ಸಲ ಇಡುಗಂಟು ಕೊಡುವ ಬದಲು ತಿಂಗಳು ತಿಂಗಳು ಪಿಂಚಣಿ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ಲೆಕ್ಕ ಎಷ್ಟು ನಿಖರ ಅಂತೀರಾ? 30 ವರ್ಷದ ಆಪರೇಟರ್ ಒಬ್ಬ ಇದ್ದಾನೆ ಎಂದುಕೊಳ್ಳಿ. ಸಂಬಳ 25 ಸಾವಿರ. ಆದರೆ 2020ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವುದು 15 ಸಾವಿರ ಮಾತ್ರ. ಅದರಲ್ಲಿ ನೂರಕ್ಕೆ 60 ತೆಗೆಯಿರಿ. ಆ ವಯಸ್ಸಿನ ಗುಣಕ 207.98ರಿಂದ ಗುಣಿಸಿ. ಬಂದದ್ದರಲ್ಲಿ ನೂರಕ್ಕೆ 14. ತೋರುಬೆರಳಿಗೆ 2,62,054 ರೂಪಾಯಿ 80 ಪೈಸೆ. ಆ 80 ಪೈಸೆ ನೋಡಿದಾಗ ನನಗೆ ಸರ್ಕಾರದ ಮೇಲೆ ಗೌರವ ಬಂತು. ಒಂದು ಪೈಸೆಯ ಮೋಸ ಇಲ್ಲ.

ಹೋದ ಬೆರಳಿನ ಮೇಲೆ ಇಷ್ಟು ಕಾಳಜಿ ಇರುವ ದೇಶದಲ್ಲಿ ಇರುವ ಬೆರಳಿನ ಗತಿ ಏನು? ಅದಕ್ಕೆ ಚುಕ್ಕಿ ಗ್ಲೌಸ್.

ಚುಕ್ಕಿ ಗ್ಲೌಸ್ ನೀವು ನೋಡಿರುತ್ತೀರಿ. ಬಿಳಿ ಹತ್ತಿ ನೂಲು, ಅಂಗೈ ಮೇಲೆ ನೀಲಿ ಪ್ಲಾಸ್ಟಿಕ್ ಚುಕ್ಕಿ. ಹತ್ತಿಪ್ಪತ್ತು ರೂಪಾಯಿಗೆ ಜೊತೆ. ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲೂ ಅದೇ, ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲೂ ಅದೇ, ಇಟ್ಟಿಗೆ ಇಳಿಸುವವನ ಕೈಯಲ್ಲೂ ಅದೇ. ಶೀಟ್ ಮೆಟಲ್ಲಿನ ಅಂಚಿಗೆ ಆ ನೂಲು ಒಂದು ಅಡ್ಡಿಯೇ ಅಲ್ಲ. ಬಿಸಿ ತಾಗಿದರೆ ಚುಕ್ಕಿ ಮೆತ್ತಗಾಗಿ ಅಂಟುತ್ತದೆ. ಎಣ್ಣೆ ಕೈಯಲ್ಲಿ ಹಿಡಿದರೆ ಎರಡೇ ಗಂಟೆಯಲ್ಲಿ ನೆನೆದು ಒದ್ದೆ. ಆದರೂ ಅದಕ್ಕೊಂದು ದೊಡ್ಡ ಗುಣ ಇದೆ. ಫೋಟೋದಲ್ಲಿ ಎದ್ದು ಕಾಣುತ್ತದೆ.

ಹಾಗಂತ ಒಳ್ಳೇ ಗ್ಲೌಸ್ ಜಗತ್ತಿನಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಮೀನಮೇಷ ಎಣಿಸುವವರಿಗೆ ಜಾತಕ ಹೇಗೋ, ಗ್ಲೌಸಿಗೂ ಹಾಗೆ ಒಂದು ಸಂಖ್ಯಾಸಾಲು ಇರುತ್ತದೆ. ಯುರೋಪಿನ ಇಎನ್ 388 ಮಾನದಂಡದ ಗ್ಲೌಸ್ ಆದರೆ ಮುಂಗೈ ಮೇಲೆ ಸುತ್ತಿಗೆಯ ಚಿತ್ರ, ಅದರ ಕೆಳಗೆ 4ಎಕ್ಸ್43ಡಿ ಅಂತ ಏನೋ ಬರೆದಿರುತ್ತದೆ. ಮೊದಲನೆಯದು ಉಜ್ಜಿದರೆ ಎಷ್ಟು ತಾಳುತ್ತದೆ ಎಂದು ಹೇಳುತ್ತದೆ. ಎರಡನೆಯದು ಸುತ್ತುವ ಬ್ಲೇಡಿನಿಂದ ಕುಯ್ದು ನೋಡುವ ಪರೀಕ್ಷೆ. ಮೂರನೆಯದು ಹರಿಯುವುದು, ನಾಲ್ಕನೆಯದು ಚುಚ್ಚುವುದು. ಗಟ್ಟಿ ನೂಲಿಗೆ ಆ ಸುತ್ತುವ ಬ್ಲೇಡೇ ಮೊಂಡಾಗಿಬಿಡುತ್ತದೆ. ಹಾಗಾಗಿ 2016ರಿಂದ ಕುಯ್ತಕ್ಕೆಂದೇ ಕೊನೆಗೊಂದು ಅಕ್ಷರ ಸೇರಿಸಿದ್ದಾರೆ, ಎಯಿಂದ ಎಫ್‌ವರೆಗೆ. ಎ ಅಂದರೆ 2 ನ್ಯೂಟನ್ ಬಲ ತಾಳಿದರೆ ಸಾಕು. ಎಫ್ ಬೇಕಾದರೆ 30. ಎಕ್ಸ್ ಅಂದರೆ ಆ ಪರೀಕ್ಷೆ ಮಾಡಿಲ್ಲ ಎಂದರ್ಥ. ಪರ್ಚೇಸ್ ವಿಭಾಗದವರು ಅದನ್ನು ಸೈಜು ಅಂದುಕೊಳ್ಳುತ್ತಾರೆ. "ಎಕ್ಸ್ ಬೇಡ, ನಮ್ಮ ಹುಡುಗರ ಕೈ ಸಣ್ಣದು" ಅಂತ ವಾಪಸ್ ಕಳಿಸಿದರೂ ಆಶ್ಚರ್ಯ ಇಲ್ಲ.

ಬಿಸಿಯದ್ದು ಬೇರೆಯೇ ಕಥೆ. ಅದಕ್ಕೆ ಇಎನ್ 407, ಬೆಂಕಿಯ ಚಿತ್ರ. 100 ಡಿಗ್ರಿಯ ವಸ್ತುವನ್ನು 15 ಸೆಕೆಂಡ್ ಮುಟ್ಟಿಕೊಂಡಿದ್ದರೂ ಕೈ ಸುಡದಿದ್ದರೆ ಮೊದಲ ಹಂತ. 250, 350, 500 ಡಿಗ್ರಿ ಆಮೇಲಿನ ಹಂತಗಳು. ಕುಯ್ತಕ್ಕೆ ಚೆನ್ನಾಗಿರುವ ಗ್ಲೌಸ್ ಬಿಸಿಗೂ ಆಗುತ್ತದೆ ಎಂದೇನಿಲ್ಲ. ಬ್ಲೇಡಿಗೆ ಬಗ್ಗದ ಪಾಲಿಥಿಲೀನ್ ನೂಲು ಸುಮಾರು 150 ಡಿಗ್ರಿಗೆಲ್ಲ ಕರಗುತ್ತದೆ. 1965ರಲ್ಲಿ ಡ್ಯುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಅವರ ಪ್ರಯೋಗದಿಂದ ಹುಟ್ಟಿದ ಕೆವ್ಲರ್ ನೂಲು ಮಾತ್ರ ಕರಗುವುದಿಲ್ಲ, ತುಂಬಾ ಹೆಚ್ಚಿನ ಬಿಸಿಯಲ್ಲಿ ಕರಕಾಗುತ್ತದೆ. ಫೌಂಡ್ರಿಯಲ್ಲಿ ಅಚ್ಚು ಒಡೆದು ಎರಕ ತೆಗೆಯುವವನಿಗೆ ಬಿಸಿಯೂ ಇದೆ, ಚೂಪು ಅಂಚೂ ಇದೆ. ಅವನಿಗೆ ಎರಡನ್ನೂ ತಡೆಯುವಂಥದ್ದೇ ಬೇಕು. ಇದನ್ನೆಲ್ಲ ಒಬ್ಬ ಮಾಲೀಕರಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. "ಸರ್, ಅಷ್ಟು ಬಿಸಿ ಅನ್ನಿಸಿದರೆ ಗ್ಲೌಸನ್ನ ನೀರಲ್ಲಿ ಅದ್ದಿಕೊಳ್ಳಲಿ" ಅಂದರು. ಒದ್ದೆ ಗ್ಲೌಸಿನಲ್ಲಿ ಬಿಸಿ ಇನ್ನೂ ಬೇಗ ಒಳಗೆ ಇಳಿಯುತ್ತದೆ, ನೀರು ಆವಿಯಾಗಿ ಒಳಗೇ ಕೈ ಬೇಯಿಸುತ್ತದೆ ಎಂದೆ. "ಹೌದಾ, ಹಾಗಾದರೆ ಬೇಡ, ಹಾಗೇ ಮಾಡಲಿ ಬಿಡಿ" ಅಂದರು. ಒಳ್ಳೇ ಮನುಷ್ಯ.

ಮಾರ್ಚ್ 4 ಬಂತೆಂದರೆ ಮಾತ್ರ ದೃಶ್ಯವೇ ಬೇರೆ. 1966ರಲ್ಲಿ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿತು. ಆ ನೆನಪಿಗೆ ದೇಶದ ತುಂಬಾ ಸುರಕ್ಷತಾ ಸಪ್ತಾಹ. ಗೇಟಿಗೆ ಬ್ಯಾನರ್. ಎದೆಗೆ ಹಸಿರು ಬ್ಯಾಡ್ಜು. ಸ್ಟೋರಿನ ಬೀಗ ತೆಗೆದು ಒಳ್ಳೇ ಗ್ಲೌಸ್ ಹೊರಗೆ ತರುತ್ತಾರೆ. ಹೌದು, ಒಳ್ಳೇದೂ ಇರುತ್ತದೆ! ಆಡಿಟ್‌ಗೆ ಬರುವ ದೊಡ್ಡ ಕಸ್ಟಮರ್‌ಗೆ ತೋರಿಸಲು ಒಂದಷ್ಟು ಜೊತೆ ತರಿಸಿಟ್ಟಿರುತ್ತಾರೆ, ಪ್ಲಾಸ್ಟಿಕ್ ಕವರ್ ಸಮೇತ. ಮುಖ್ಯ ಅತಿಥಿಗಳಿಗೆ ಹೊಸ ಹೆಲ್ಮೆಟ್, ಹೊಸ ಗ್ಲೌಸ್. ಅವರು ಆವತ್ತು ಮುಟ್ಟುವ ಅತ್ಯಂತ ಚೂಪಾದ ವಸ್ತು ರಿಬ್ಬನ್ ಕತ್ತರಿ. ಅತ್ಯಂತ ಬಿಸಿ ವಸ್ತು ಕಾಫಿ ಲೋಟ. ಇಡೀ ಕಾರ್ಖಾನೆಯಲ್ಲಿ ನಿಜವಾಗಿ ಸುರಕ್ಷಿತವಾದ ಕೈಗಳು ಅವತ್ತು ಅವೆರಡೇ. ಆಮೇಲೆ ಎಲ್ಲರೂ ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತಾರೆ. ಚಾಚಲು ಪೂರ್ತಿ ಬೆರಳಿಲ್ಲದವರು ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ, ಫೋಟೋ ಚೆನ್ನಾಗಿ ಬರಲಿ ಅಂತ. 10ನೇ ತಾರೀಖು ಸಂಜೆ ಗ್ಲೌಸ್ ಎಣಿಸಿ ವಾಪಸ್ ಸ್ಟೋರಿಗೆ.

ಇನ್ನು ಗ್ಲೌಸ್ ಹಾಕಲೇಬಾರದ ಜಾಗಗಳ ಕಥೆ. ಡ್ರಿಲ್ಲಿಂಗ್ ಮಷೀನು, ಲೇತು, ತಿರುಗುವ ಯಾವುದೇ ಸ್ಪಿಂಡಲ್ ಹತ್ತಿರ ಗ್ಲೌಸ್ ಹಾಕಬಾರದು. ನೂಲಿನ ಒಂದು ಎಳೆ ಡ್ರಿಲ್ಲಿಗೆ ಸಿಕ್ಕರೆ ಸಾಕು, ಗ್ಲೌಸ್ ಸಮೇತ ಕೈಯನ್ನು ಸುತ್ತಿ ಎಳೆದುಕೊಳ್ಳುತ್ತದೆ. ಬರಿಗೈ ಆಗಿದ್ದರೆ ಗೀರಿ ಬಿಡುತ್ತಿತ್ತೇನೋ. ಆದರೆ ನಮ್ಮ ಗೋಡೆ ಮೇಲಿನ ಬೋರ್ಡ್ ಹೇಳುವುದು, "ಗ್ಲೌಸ್ ಇಲ್ಲದೆ ಯಾವುದೇ ಯಂತ್ರ ಮುಟ್ಟಬೇಡಿ, ದಂಡ 200 ರೂಪಾಯಿ". ಹಾಗಾಗಿ ಪ್ರೆಸ್ಸಿನವನಿಗೂ ಡ್ರಿಲ್ಲಿನವನಿಗೂ ಸಮಾನ ನ್ಯಾಯ. ಕೈ ಕುಯ್ಯುವ ಶೀಟ್ ಎತ್ತುವವನಿಗೆ ತೆಳು ಗ್ಲೌಸ್, ಸುತ್ತುವ ಮಷೀನಿನವನಿಗೆ ಕಡ್ಡಾಯ ಗ್ಲೌಸ್. ಗ್ಲೌಸ್ ಬೇಕಾದಲ್ಲಿ ಕೆಲಸಕ್ಕೆ ಬಾರದ್ದು, ಬೇಡವಾದಲ್ಲಿ ಬಿಡದಂಥದ್ದು. ಇದನ್ನು ಸಾಧಿಸಲು ಒಂದು ಇಡೀ ಕಮಿಟಿ ಬೇಕು. ಇದೆ ಕೂಡ, ಮೂರು ತಿಂಗಳಿಗೊಮ್ಮೆ ಸೇರುತ್ತದೆ, ಬಿಸ್ಕೆಟ್ ತರಿಸುತ್ತಾರೆ.

ಪವರ್ ಪ್ರೆಸ್ ಬಗ್ಗೆ ಹೇಳಲೇಬೇಕು. ಹರಿಯಾಣದ ಮಾನೇಸರ್ ಕಡೆಯ ವಾಹನ ಬಿಡಿಭಾಗ ಘಟಕಗಳಲ್ಲಿ ಬೆರಳು ಕಳೆದುಕೊಂಡವರ ಮಾತು ಬಂದಾಗೆಲ್ಲ ಈ ಯಂತ್ರದ ಹೆಸರೇ ಮೊದಲು ಬರುತ್ತದೆ. ನಮ್ಮ ಕಡೆಯ ಪ್ರೆಸ್ಸುಗಳೇನೂ ಬೆರಳು ನೋಡಿ ಕನಿಕರ ಪಡುವುದಿಲ್ಲ. 50 ಟನ್ ಪ್ರೆಸ್ ಕೆಳಗಿಳಿದಾಗ ಎ ಆದರೇನು, ಎಫ್ ಆದರೇನು? ಗ್ಲೌಸಿನೊಳಗೆ ಬೆರಳು ಚೂರಾಗುತ್ತದೆ, ಗ್ಲೌಸ್ ಮಾತ್ರ ಹರಿದಿರುವುದಿಲ್ಲ. ಅಲ್ಲಿ ಬೇಕಾದದ್ದು ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್, ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಸೆನ್ಸರ್, ಎರಡೂ ಕೈಯಿಂದ ಒತ್ತಬೇಕಾದ ಎರಡು ಬಟನ್. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಯಂತ್ರದ ಅಪಾಯದ ಭಾಗಕ್ಕೆ ಬೇಲಿ ಹಾಕು ಎಂದೇ ಹೇಳಿತ್ತು. ಬೇಲಿ ಬಂತು ಕೂಡ. ಪ್ರೆಸ್ಸಿನ ಜೊತೆಗೇ ಬಂತು. ಅದಿದ್ದರೆ ಗಂಟೆಗೆ ಪೀಸು ಕಡಿಮೆ ಬೀಳುತ್ತದೆ ಅಂತ ಬಿಚ್ಚಿ ಮೂಲೆಗಿಟ್ಟರು. ಎರಡು ಬಟನ್‌ನಲ್ಲಿ ಒಂದಕ್ಕೆ ಟೇಪ್ ಸುತ್ತಿ ಒತ್ತಿಟ್ಟರು. ಈಗ ಆಪರೇಟರ್‌ನ ಒಂದು ಕೈ ಆರಾಮಾಗಿ ಖಾಲಿ. ಆ ಕೈಗೆ ಗ್ಲೌಸ್ ಕೊಟ್ಟಿದ್ದೇವಲ್ಲ!

ಗಾರ್ಡ್ ಹಾಕಿದರೆ ಜವಾಬ್ದಾರಿ ಮಾಲೀಕರದ್ದು. ಗ್ಲೌಸ್ ಕೊಟ್ಟರೆ ಜವಾಬ್ದಾರಿ ಕೈಯದ್ದು. 20 ರೂಪಾಯಿಗೆ ಇಷ್ಟು ಭಾರ ಇಳಿಸಿಕೊಳ್ಳುವ ಅವಕಾಶ ಸಿಕ್ಕರೆ ಯಾರು ಬಿಡುತ್ತಾರೆ ಹೇಳಿ. ರಿಜಿಸ್ಟರ್‌ನಲ್ಲಿ ಸಹಿ ಇದೆ, "ಒಂದು ಜೊತೆ ಪಡೆದಿದ್ದೇನೆ". ಎಂಥ ಜೊತೆ ಎಂದು ಬರೆಯಲು ಅಲ್ಲಿ ಕಾಲಂ ಇಲ್ಲ. ಕೆಲವು ಕಡೆ ಆ 20 ರೂಪಾಯಿಯನ್ನೂ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಮಾಲೀಕ ಕೊಡಬೇಕಾದ ಸಲಕರಣೆಗೆ ಕಾರ್ಮಿಕನಿಂದ ದುಡ್ಡು ವಸೂಲಿ ಮಾಡಬಾರದು ಎಂದು ಅದೇ ಕಾರ್ಖಾನೆ ಕಾಯ್ದೆಯ 114ನೇ ಕಲಮಿನಲ್ಲಿ ಬರೆದಿತ್ತು. 114 ಅಂದರೆ ತುಂಬಾ ಕೆಳಗೆ ಅಲ್ವಾ? ಅಲ್ಲಿಯವರೆಗೆ ಓದುವಷ್ಟು ಪುರುಸೊತ್ತು ಪ್ರೊಡಕ್ಷನ್‌ನವರಿಗೆ ಎಲ್ಲಿ.

ಕಾಂಟ್ರ್ಯಾಕ್ಟ್ ಹುಡುಗರಿಗೆ ಆ ಜೊತೆಯೂ ಇಲ್ಲ. ಅವರು ಕಾಂಟ್ರ್ಯಾಕ್ಟರ್ ಕಡೆಯವರಂತೆ. ಕಾಂಟ್ರ್ಯಾಕ್ಟರ್ ಕೇಳಿದರೆ, ಮಷೀನು ಕಂಪನಿಯದ್ದಲ್ವಾ ಅಂತಾನೆ. ಶಿಫ್ಟ್ ಮುಗಿಸಿ ಹೋಗುವವರು ತಮ್ಮ ಗ್ಲೌಸನ್ನು ಮುಂದಿನವರಿಗೆ ಕೊಟ್ಟು ಹೋಗುತ್ತಾರೆ, ಒದ್ದೆಯಾಗಿದ್ದರೂ ಸರಿ.

ಸಣ್ಣ ಶೆಡ್ಡುಗಳ ಸಮಸ್ಯೆಗೆ ಸಂಸತ್ತು ಸುಲಭದ ದಾರಿ ಹುಡುಕಿದೆ. ವಿದ್ಯುತ್ ಬಳಸುವ ಕಡೆ 10 ಜನ ಇದ್ದರೆ ಕಾರ್ಖಾನೆ ಎಂದು ಹಳೇ ಕಾಯ್ದೆ ಹೇಳುತ್ತಿತ್ತು. 2020ರ ವೃತ್ತಿ ಸುರಕ್ಷತಾ ಸಂಹಿತೆಯಲ್ಲಿ ಅದು 20 ಆಯಿತು. ಅಂದರೆ 19 ಜನ ದುಡಿಯುವ ಪ್ರೆಸ್ ಶಾಪು ಕಾರ್ಖಾನೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ 190 ಬೆರಳುಗಳು ಕಾರ್ಖಾನೆಯಲ್ಲಿ ಇಲ್ಲ. ಕಾರ್ಖಾನೆಯಲ್ಲೇ ಇಲ್ಲದ ಬೆರಳು ಕಾರ್ಖಾನೆಯಲ್ಲಿ ತುಂಡಾಗುವುದಾದರೂ ಹೇಗೆ? ಒಂದೂ ಗ್ಲೌಸ್ ಕೊಡದೆ ಕಾರ್ಖಾನೆ ಅಪಘಾತ ಕಡಿಮೆ ಮಾಡಬಹುದು ಎಂಬುದು ನನಗೆ ಇಷ್ಟು ದಿನ ಹೊಳೆದಿರಲೇ ಇಲ್ಲ.

ಇಷ್ಟಾದರೂ ಒಮ್ಮೊಮ್ಮೆ ಆಗಿಬಿಡುತ್ತದೆ. ಆಗ ಒಂದು ವರದಿ ತಯಾರಾಗುತ್ತದೆ. ಘಟನೆ ಹೇಗಾಯಿತು? ಅಜಾಗರೂಕತೆಯಿಂದ. ಯಾರ ಅಜಾಗರೂಕತೆ? ಗಾಯಾಳುವಿನದ್ದು. ಗ್ಲೌಸ್ ಧರಿಸಿದ್ದರೇ? ಹೌದು ಎಂದಾದರೆ "ಕಂಪನಿಯು ಗ್ಲೌಸ್ ಒದಗಿಸಿತ್ತು" ಎಂದು ಬರೆಯುತ್ತಾರೆ. ಇಲ್ಲ ಎಂದಾದರೆ "ಒದಗಿಸಿದ್ದರೂ ಧರಿಸಿರಲಿಲ್ಲ" ಎಂದು. ಗಾರ್ಡ್ ಇತ್ತೇ ಎಂಬ ಪ್ರಶ್ನೆಗೆ "ಲಭ್ಯವಿದೆ". ಸುಳ್ಳಲ್ಲ, ಮೂಲೆಯಲ್ಲಿ ಲಭ್ಯವಿದೆ. ಕೈಗೊಂಡ ಕ್ರಮ: ಗಾಯಾಳುವಿಗೆ ಮರುತರಬೇತಿ ನೀಡಲಾಗಿದೆ. ತರಬೇತಿ ಪಡೆದವರ ಸಹಿ ಇರುವ ಜಾಗದಲ್ಲಿ ಎಡಗೈ ಹೆಬ್ಬೆಟ್ಟು, ಬಲಗೈಗೆ ಬ್ಯಾಂಡೇಜ್ ಇರುವುದರಿಂದ.

ಮುಂದೆ ಇಂಥದ್ದು ಆಗದಂತೆ ತಡೆಯಲು ಗ್ಲೌಸ್ ಬದಲಾಯಿಸಬೇಕು ಎಂದು ಕಮಿಟಿ ಒಮ್ಮತದಿಂದ ತೀರ್ಮಾನಿಸಿತು. ಮೂರು ಕಡೆಯಿಂದ ಕೊಟೇಶನ್ ತರಿಸಿದರು. ಎಲ್ಲಕ್ಕಿಂತ ಕಡಿಮೆ ಇದ್ದದ್ದಕ್ಕೆ ಆರ್ಡರ್ ಹೋಗಿದೆ. ಈ ಸಲ ಚುಕ್ಕಿ ಕೆಂಪು.